ಚೀಲ ಬಿಟ್ಟು ಹೋದ ದಿನ

ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ತಗುಲಿಹಾಕಿ ಹೊರಗೆ ಬಂದವನು ಮೆಟ್ಟಿಲ ಮೇಲೆ ನಿಂತು, ಏನೋ ಮರೆತವನ ಹಾಗೆ ಮತ್ತೆ ಒಳಗೆ ಹೋದ. ಮರೆತದ್ದೇನೂ ಇರಲಿಲ್ಲ. ಚೀಲ ಮೊಳೆಯ ಮೇಲೇ ಇತ್ತು. ಖಾಕಿ ಕ್ಯಾನ್‌ವಾಸಿನದು, ತಳ ಎಣ್ಣೆ ಕುಡಿದು ಕಪ್ಪಾದದ್ದು, ಸ್ಪ್ಯಾನರು ಇಕ್ಕಳ ಗೇಜುಗಳ ಭಾರಕ್ಕೆ ಮುದುಕಿಯ ಗಲ್ಲದ ಹಾಗೆ ಜೋತುಬಿದ್ದದ್ದು. ಮೀಸೆ ಮೂಡುವ ಮೊದಲಿನಿಂದ ಅದು ಅವನ ಬಲಹೆಗಲ ಮೇಲೆಯೇ ಕೂತು ಬಂದಿತ್ತು. ಇವತ್ತು ಆ ಹೆಗಲು ಎಷ್ಟು ಹಗುರವಾಗಿತ್ತೆಂದರೆ ನಡೆದರೆ ಎಡಕ್ಕೆ ವಾಲಿಬಿಡುತ್ತೇನೇನೋ ಅನ್ನಿಸುತ್ತಿತ್ತು. ಒಲೆಯ ಮುಂದಿದ್ದ ಅಕ್ಕ ತಿರುಗಿ ನೋಡಿದಳು. ಅವನು ತೊಟ್ಟಿದ್ದ ಇಸ್ತ್ರಿ ಅಂಗಿಯನ್ನು ಮೊದಲು ನೋಡಿ, ಆಮೇಲೆ ಅವನ ಮುಖ ನೋಡಿದಳು.

"ಏನೋ, ಹೋಗ್ತೀಯೋ ಇಲ್ಲಾ ಬಾಗಿಲು ಕಾಯ್ತೀಯೋ?"

"ಹೋಗ್ತಿದೀನಿ."

"ಚೀಲ?"

"ಕೆಲಸಕ್ಕಲ್ಲ ಅಂದ್ನಲ್ಲಕ್ಕ. ಸುಮ್ನೆ ಹೋಗ್ತಿರೋದು."

"ಸುಮ್ನೆ," ಎಂದಳು ಅಕ್ಕ, ಆ ಮಾತಿನಲ್ಲಿ ಕಲ್ಲಿದೆಯೋ ಎಂದು ಹಲ್ಲಿನ ಮೇಲೆ ಇಟ್ಟು ನೋಡುವವಳ ಹಾಗೆ. "ನಿಮ್ಮ ಭಾವನೂ ಹಂಗೇ ಅಂತಾರೆ. ಸುಮ್ನೆ ಹೋಗಿ ಬರ್ತೀನಿ ಅಂತ ಹೋಗಿ, ಬರುವಾಗ ಯಾವನದೋ ಕೆಲಸ ತಲೆ ಮೇಲೆ ಹೊತ್ಕೊಂಡು ಬರ್ತಾರೆ."

ಆ 'ಸುಮ್ನೆ'ಯನ್ನು ಅವನು ವಾರವಿಡೀ ನಾಲಗೆಯ ಕೆಳಗೆ ಇಟ್ಟುಕೊಂಡು ಚೀಪಿದ್ದ. ಅದು ಲಂಬುವಿನ ಬಾಯಿಂದ ಬಂದದ್ದು. ಲಂಬು ಅವನ ಶಾಲೆಯ ಗೆಳೆಯ. ಈಗ ವಿಮಾ ಕಚೇರಿಯಲ್ಲಿದ್ದಾನೆ, ಗುದ್ದಿಸಿಕೊಂಡು ಬಂದ ಗಾಡಿಗಳ ಸುತ್ತ ಒಂದು ಸುತ್ತು ಹಾಕಿ ಇದು ಹಳೇ ಪೆಟ್ಟು ಇದು ಹೊಸ ಪೆಟ್ಟು ಎಂದು ತೀರ್ಪು ಕೊಡುವ ಕೆಲಸ. ಗ್ಯಾರೇಜಿಗೆ ಬಂದವನು, ಗಾಡಿಯ ಅಡಿಯಲ್ಲಿ ಮಲಗಿದ್ದ ಇವನ ಕಾಲನ್ನು ಶೂಸಿನ ತುದಿಯಿಂದ ತಟ್ಟಿ, "ಲೋ ಪಂಪು, ಭಾನುವಾರ ಸಮುದ್ರದ ಕಡೆ ಹೋಗೋಣ ಬಾರೋ. ಮರಳ ಮೇಲೆ ಜೀಪು ಓಡ್ಸೋಣ. ಸುಮ್ನೆ," ಎಂದಿದ್ದ. ಗಾಡಿಯ ಅಡಿಯಲ್ಲಿ ಇವನ ಮುಖ ಯಾರಿಗೂ ಕಾಣದೆ ಇದ್ದದ್ದು ಒಳ್ಳೆಯದೇ ಆಯಿತು. ಇವನನ್ನು ಕರೆಯುವವರಿಗೇನು ಬರಗಾಲವಿರಲಿಲ್ಲ. ಸ್ಟಾರ್ಟಾಗ್ತಿಲ್ಲ ಬಾ, ಹೊಗೆ ಬರ್ತಿದೆ ಬಾ, ಬ್ರೇಕು ಹಿಡೀತಿಲ್ಲ ಬಾ. ಮದುವೆಗೆ ಕರೆದವರು ಕೂಡ ಊಟವಾದ ಮೇಲೆ ಹೆಗಲ ಮೇಲೆ ಕೈ ಹಾಕಿ, ಪ್ರೀತಿಯಿಂದಲೇ, ಹಿಂದುಗಡೆ ನಿಂತ ಗಾಡಿಯ ಬಳಿ ಕರೆದುಕೊಂಡು ಹೋಗುತ್ತಿದ್ದರು. ಸುಮ್ಮನೆ ಬಾ ಅಂದವನು ಲಂಬು ಒಬ್ಬನೇ. ಅಂದಿದ್ದು ನಿಜವೇ ಆಗಿದ್ದರೆ ಚೀಲ ಬೇಕಾಗುವುದಿಲ್ಲ. ನಿಜವಲ್ಲದಿದ್ದರೆ, ಚೀಲವಿಲ್ಲದೆ ಹೋದರೆ ಗೊತ್ತಾಗುತ್ತದೆ. ಹೀಗೆ ಲೆಕ್ಕ ಹಾಕಿಯೇ ಅವನು ಚೀಲವನ್ನು ಮೊಳೆಗೆ ಏರಿಸಿದ್ದ.

ರಸ್ತೆಯಲ್ಲಿ ಹಾರನ್ ಆಯಿತು. ಜೀಪು ಬಂದು ನಿಂತಿತು. ಹಳೆಯ ಫೋರ್‌ವೀಲ್ ಜೀಪು. ಲಂಬು ಗುಜರಿಯಿಂದ ತಂದಾಗ ಅದರ ಹೊಟ್ಟೆಯಲ್ಲಿ ಹುಲ್ಲು ಬೆಳೆದಿತ್ತು. ಅದನ್ನು ಎಬ್ಬಿಸಿ ನಿಲ್ಲಿಸಿ ನಡೆಯಲು ಕಲಿಸಿದ್ದು ಇವನೇ, ಗ್ಯಾರೇಜು ಮುಚ್ಚಿದ ಮೇಲಿನ ಸಂಜೆಗಳಲ್ಲಿ. ಲಂಬು ಒಳಗಿನಿಂದ ಬಗ್ಗಿ ಬಾಗಿಲು ತೆರೆದ. ಇವನು ಹತ್ತಿ ಕೂತ. ಲಂಬು ಗೇರು ಹಾಕಲು ಹೋದವನು ನಿಲ್ಲಿಸಿ, ಇವನ ಕಾಲ ಬುಡ ನೋಡಿದ, ಹಿಂದಿನ ಸೀಟು ನೋಡಿದ.

"ಚೀಲ ಎಲ್ಲೋ?"

ಎಷ್ಟು ಸಲೀಸಾಗಿ ಕೇಳಿದ. "ಇಲ್ಲ," ಎಂದ ಇವನು.

"ಇಲ್ಲ ಅಂದ್ರೆ?"

"ತಂದಿಲ್ಲ. ಸುಮ್ನೆ ತಾನೆ ಹೋಗ್ತಿರೋದು."

"ಹಾಂ, ಹಾಂ," ಎಂದ ಲಂಬು. "ಸುಮ್ನೇನೇ." ಮತ್ತೆ ಗೇರು ಹಾಕಿದ. ಆ ಎರಡು ಹಾಂಗಳ ನಡುವಿನ ಸಂದಿಯಲ್ಲಿ ಬೆರಳಿಟ್ಟು ಅಗಲಿಸಿ ನೋಡುತ್ತಲೇ ಇವನು ಊರು ದಾಟಿದ. ಅಭ್ಯಾಸಬಲದಿಂದ ಕೇಳಿರಬಹುದು. ಟೋಪಿ ಹಾಕುವವನು ಒಂದು ದಿನ ಹಾಕದೆ ಬಂದರೆ ಟೋಪಿ ಎಲ್ಲಿ ಅನ್ನುವುದಿಲ್ಲವೇ. ಆದರೆ ಹಿಂದಿನ ಸೀಟನ್ನು ಯಾಕೆ ನೋಡಬೇಕಿತ್ತು? ಮುಖದಲ್ಲೊಂದು ಸಣ್ಣ ನಿರಾಸೆ ಹಾದು ಹೋಯಿತೋ ಇಲ್ಲವೋ? ರಸ್ತೆಯ ಎರಡೂ ಬದಿ ಮನೆಗಳು ಮುಗಿದು, ಗೋದಾಮುಗಳು ಮುಗಿದು, ಉಪ್ಪುಗಾಳಿಗೆ ಬಾಗಿದ ಮರಗಳು ಶುರುವಾದವು. ಎಲ್ಲರೂ ಕಿಟಕಿಯಿಂದ ಏನು ನೋಡುತ್ತಾರೋ ಅದನ್ನು ತಾನೂ ನೋಡಬೇಕೆಂದು ಇವನು ಕತ್ತು ಹೊರಳಿಸಿದ. ಕಿವಿ ಮಾತ್ರ ಎಂಜಿನ್ನಿನಲ್ಲೇ ಇತ್ತು. ಹಿಂದಿನ ಶಾಫ್ಟಿನಲ್ಲೊಂದು ಸಣ್ಣ ಕಿರಿಕಿರಿ. ಗ್ರೀಸು ಬೇಕು.

"ಏನು ಕೇಳಿಸ್ಕೊತಿದೀಯ?" ಎಂದ ಲಂಬು.

"ಏನಿಲ್ಲ."

"ಲೋ, ಒಂದು ದಿನನಾದ್ರೂ ಕಿವಿ ಮುಚ್ಚಿ ಕಣ್ಣು ಬಿಡೋ ಮಾರಾಯ. ಹೆಂಡ್ತಿ ಪಕ್ಕ ಮಲಗಿದ್ರೂ ಅವಳ ಎದೆ ಟ್ಯೂನಿಂಗ್ ಸರಿಯಿದ್ಯಾ ಅಂತ ನೋಡೋನು ನೀನು."

"ಮೊದಲು ಹೆಂಡ್ತಿ ಸಿಗ್ಲಿ."

"ಸಿಗ್ತಾಳೆ, ಸಿಗ್ತಾಳೆ. ಕೆಟ್ಟು ನಿಂತ ಗಾಡೀಲಿ ಬರ್ತಾಳೆ ನೋಡ್ತಿರು."

ಇಬ್ಬರೂ ನಕ್ಕರು. ನಗು ನಿಂತಾಗ ಇವನಿಗೆ ನಾಚಿಕೆಯಾಯಿತು. ಇಷ್ಟು ಹೊತ್ತು ಲಂಬುವನ್ನು ಕಟಕಟೆಯಲ್ಲಿ ನಿಲ್ಲಿಸಿ ವಿಚಾರಣೆ ಮಾಡುತ್ತಿದ್ದೆನಲ್ಲ, ಪಾಪದವನು, ಎಂದುಕೊಂಡ. ಚಹಾ ಕುಡಿಯಲು ನಿಲ್ಲಿಸಿದ ಕಡೆ, ಲೋಟವನ್ನು ಬಾನೆಟ್ಟಿನ ಮೇಲಿಟ್ಟು ಲಂಬು ಸಮುದ್ರದ ದಿಕ್ಕಿಗೆ ನೋಡುತ್ತ ಹೇಳಿದ. "ಅಂದ ಹಾಗೆ, ನಮ್ಮ ಮ್ಯಾನೇಜರೂ ಬರ್ತಿದಾರೆ. ಹೊಸಾ ಗಾಡಿ ತಗೊಂಡಿದಾರೆ. ಮರಳಲ್ಲಿ ಓಡ್ಸಿ ನೋಡ್ಬೇಕಂತೆ. ಅವರ ಭಾವಮೈದನೂ ಇರ್ತಾನೆ."

ಅಂದ ಹಾಗೆ. ಇವನು ಉಳಿದ ಚಹಾವನ್ನು ನೆಲಕ್ಕೆ ಚೆಲ್ಲಿ ಲೋಟ ಮರಳಿಸಿದ.

ಕಡಲ ದಂಡೆಗೆ ಇಳಿಯುವ ಕಡೆ ಟಾರು ಮುಗಿಯುತ್ತಿತ್ತು. ಅಲ್ಲಿ ಬೆಳ್ಳಗೆ ಹೊಳೆಯುವ ಗಾಡಿಯೊಂದು ನಿಂತಿತ್ತು. ಅದರ ಸೀಟುಗಳ ಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ಕಿತ್ತಿರಲಿಲ್ಲ. ಮ್ಯಾನೇಜರು ಚಡ್ಡಿ ಹಾಕಿಕೊಂಡು ಬಂದಿದ್ದರು. ಕಚೇರಿಯ ಮನುಷ್ಯನ ಮೊಣಕಾಲು ಅಷ್ಟು ಬಿಳಿ ಇರುತ್ತದೆಂದು ಇವನಿಗೆ ಗೊತ್ತಿರಲಿಲ್ಲ. ಲಂಬು ಓಡಿಹೋಗಿ ಕೈ ಕುಲುಕಿದ, ಗಾಡಿಯ ಸುತ್ತ ಒಂದು ಸುತ್ತು ಹಾಕಿ ಹೊಗಳಿದ, ಆಮೇಲೆ ಇವನ ಕಡೆ ಕೈ ತೋರಿಸಿ, "ಇವನು... ನಮ್ಮ ಜೀಪು ರೆಡಿ ಮಾಡಿದವನು ಸಾರ್," ಎಂದ.

"ಓ, ಮೆಕ್ಯಾನಿಕ್ಕು," ಎಂದರು ಮ್ಯಾನೇಜರು. "ಒಳ್ಳೇದಾಯ್ತು ಬಿಡಿ. ಒಬ್ಬ ಜತೇಲಿದ್ರೆ ಧೈರ್ಯ."

ಲಂಬು ನಕ್ಕ. ಅಲ್ಲ ಅನ್ನಲಿಲ್ಲ, ಹೌದು ಅಂತಲೂ ಅನ್ನಲಿಲ್ಲ. ಇವನು ಚಾಚಿದ್ದ ಕೈಯನ್ನು, ಯಾರೂ ಹಿಡಿಯದ್ದರಿಂದ, ಅಂಗಿಯ ಮಡಿಕೆ ಸರಿಮಾಡುವ ನೆಪದಲ್ಲಿ ಹಿಂದಕ್ಕೆ ತೆಗೆದುಕೊಂಡ. ಸುಳ್ಳೇನು ಹೇಳಿದ? ಜೀಪು ರೆಡಿ ಮಾಡಿದವನು ತಾನೇ ಅಲ್ಲವೇ? ಮೆಕ್ಯಾನಿಕ್ಕು ಅನ್ನುವುದು ಬೈಗುಳವೇ? ಬೇರೆ ಯಾರಾದರೂ ತನ್ನನ್ನು ಮೆಕ್ಯಾನಿಕ್ಕಲ್ಲ ಅಂದಿದ್ದರೆ ಹಲ್ಲು ಉದುರಿಸುತ್ತಿದ್ದ. ಆದರೆ ಆ 'ಇವನು' ಆದ ಮೇಲೆ ಲಂಬು ಒಂದು ಗಳಿಗೆ ತಡೆದಿದ್ದ. ಆ ಜಾಗದಲ್ಲಿ ಬರಬೇಕಾಗಿದ್ದ ಮಾತೊಂದು ಅವನ ಬಾಯಿಯವರೆಗೂ ಬಂದು, ಮ್ಯಾನೇಜರ ಬಿಳಿ ಮೊಣಕಾಲು ನೋಡಿ ಹಿಂದಕ್ಕೆ ಹೋಗಿತ್ತು.

ಲಂಬು ಕೀಲಿಯ ತುದಿಯಿಂದ ಟೈರಿನ ವಾಲ್ವನ್ನು ಒತ್ತಿ ಗಾಳಿ ಇಳಿಸತೊಡಗಿದ. ಗಟ್ಟಿ ಟೈರು ಮರಳನ್ನು ಕೊರೆದು ಹೂತುಕೊಳ್ಳುತ್ತದೆ, ಮೆತ್ತಗಿದ್ದರೆ ಅಗಲವಾಗಿ ಕಾಲೂರಿ ತೇಲಿಕೊಂಡು ಹೋಗುತ್ತದೆ ಎಂದು ವಿವರಿಸಿದ. ಇವನಿಗೆ ಕೇಳಿ ಗೊತ್ತಿತ್ತು, ಮಾಡಿ ಗೊತ್ತಿರಲಿಲ್ಲ. ಮರಳ ಮೇಲೆ ಗಾಡಿ ಓಡಿಸುವ ಜನ ಅವನ ಗ್ಯಾರೇಜಿಗೆ ಬರುತ್ತಿರಲಿಲ್ಲ. ನಾಲ್ಕೂ ಚಕ್ರ ಕುಸಿದು, ಜೀಪು ಮಂಡಿಯೂರಿದ ದನದ ಹಾಗೆ ಕಾಣತೊಡಗಿದಾಗ ಇವನು ಮುಖ ತಿರುಗಿಸಿದ.

ಆದರೂ ಮರಳಿಗೆ ಇಳಿದ ಮೇಲೆ ಸ್ವಲ್ಪ ಹೊತ್ತು ಎಲ್ಲ ಮರೆತುಹೋಯಿತು. ಜೀಪು ಓಡಲಿಲ್ಲ, ಈಜಿತು. ಒಂದು ಬದಿ ನೀರು, ಒಂದು ಬದಿ ಮುಳ್ಳುಗಿಡ ಹಬ್ಬಿದ ಗುಡ್ಡೆ, ನಡುವೆ ಒದ್ದೆ ಮರಳಿನ ಪಟ್ಟಿ. ಅಲೆಯ ಅಂಚನ್ನು ಸೀಳಿಕೊಂಡು ಹೋದಾಗ ನೀರು ಎರಡಾಳೆತ್ತರ ಎದ್ದು ಇಬ್ಬರ ಮುಖಕ್ಕೂ ಬಡಿಯಿತು. ಲಂಬು ಕೂಗು ಹಾಕಿದ, ಇವನೂ ಹಾಕಿದ. ಲಂಬುವಿನ ಕನ್ನಡಕ ಹಾರಿ ಇವನ ತೊಡೆಯ ಮೇಲೆ ಬಿತ್ತು. ಇವನು ಅದನ್ನು ಇಸ್ತ್ರಿ ಅಂಗಿಯ ತುದಿಯಿಂದ ಒರೆಸಿ ಅವನ ಮೂಗಿಗೆ ಏರಿಸಿದ. ಲಂಬು-ಪಂಪು, ಲಂಬು-ಪಂಪು ಎಂದು ಇಡೀ ಬೀದಿ ಅವರನ್ನು ಜೋಡೆತ್ತಿನ ಹಾಗೆ ಕರೆಯುತ್ತಿದ್ದ ದಿನಗಳಲ್ಲಿ ಹೀಗೆಯೇ ಒಂದೇ ಸೈಕಲ್ಲಿನಲ್ಲಿ ಇಳಿಜಾರು ಇಳಿದದ್ದಿತ್ತು.

ದಂಡೆಯ ತುದಿಯಲ್ಲಿ ಕಪ್ಪು ಬಂಡೆಗಳ ದಿಬ್ಬ. ಅದರ ಮೇಲೆ ಹತ್ತಿದರೆ ಆಚೆಯ ಕೊಲ್ಲಿ ಕಾಣುತ್ತದಂತೆ. ಮ್ಯಾನೇಜರೂ ಭಾವಮೈದನೂ ಹೊರಟರು. ಲಂಬು ಇವನ ಕಡೆ ನೋಡಿ, ಮ್ಯಾನೇಜರ ಬೆನ್ನು ನೋಡಿ, "ಗಾಡಿಗಳ ಹತ್ರ ಇರ್ತೀಯಾ? ಹಿಂಗೆ ಹೋಗಿ ಹಂಗೆ ಬಂದ್ಬಿಡ್ತೀವಿ," ಎಂದ. ಇವನು ತಲೆಯಾಡಿಸಿದ. ಅವರು ಚಿಕ್ಕದಾಗುತ್ತ ಬಂಡೆಗಳ ನಡುವೆ ಮರೆಯಾದರು.

ಸುಮ್ಮನೆ ಕೂರುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಬಾನೆಟ್ಟಿನ ಮೇಲೆ ಕೂತ, ಬಿಸಿಯಾಗಿತ್ತು. ಮರಳಿನ ಮೇಲೆ ಕೂತ, ಅಂಗಿ ನೆನಪಾಗಿ ಎದ್ದ. ಸಮುದ್ರ ನೋಡಿದ. ಅದು ಬರುತ್ತಿತ್ತು, ಹೋಗುತ್ತಿತ್ತು, ಅದಕ್ಕೂ ಇವನಿಗೂ ಮಾತೇ ಇರಲಿಲ್ಲ. ಕೈಗಳು ಬೇರೆ ಯಾರದೋ ಸಾಮಾನಿನ ಹಾಗೆ ಎರಡೂ ಬದಿಗೆ ಜೋತುಬಿದ್ದಿದ್ದವು. ಧೈರ್ಯಕ್ಕೆ ಒಬ್ಬ ಜತೇಲಿ. ಗಾಡಿಗಳ ಹತ್ರ ಇರ್ತೀಯಾ. ನಾಯಿಗೆ ಹೇಳುವುದು ಹೀಗೆ. ನಾಯಿಗಾದರೆ ತಲೆಯನ್ನಾದರೂ ಸವರಿ ಹೋಗುತ್ತಾರೆ. ಜೀಪಿನ ಸುತ್ತ ಸುತ್ತಿದ. ನಾಲ್ಕು ಟೈರುಗಳೂ ಸತ್ತು ಬಿದ್ದಿದ್ದವು. ಹತ್ತು ಚಿಲ್ಲರೆ ವಯಸ್ಸಿನಲ್ಲಿ ಗ್ಯಾರೇಜಿನ ಬಾಗಿಲಲ್ಲಿ ಕೂತು ಅವನು ಕಲಿತ ಮೊದಲ ಪಾಠವೇ ಅದು, ಕುಸಿದ ಟೈರು ಕಂಡರೆ ಕೈ ಏಳಬೇಕು. ಕೇಳುವುದಕ್ಕೆ ಮೊದಲೇ ಏಳಬೇಕು. ಸೀಟಿನ ಅಡಿಯಲ್ಲಿ ಬ್ಯಾಟರಿಗೆ ಸಿಕ್ಕಿಸುವ ಗಾಳಿ ಮೆಷಿನ್ನಿತ್ತು. ಅದನ್ನು ತಾನು ಯಾವಾಗ ಎಳೆದುಕೊಂಡೆ, ಯಾವಾಗ ಸಿಕ್ಕಿಸಿದೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ. ನೆನಪಿದ್ದದ್ದು ಮೆಷಿನ್ನಿನ ಗುರ್ರೆನ್ನುವ ಸದ್ದು, ಅಂಗೈಯ ಅಡಿಯಲ್ಲಿ ರಬ್ಬರು ಮೆಲ್ಲಗೆ ಜೀವ ಹಿಡಿದು ಬಿಗಿಯಾಗುವುದು, ಇಡೀ ದಿನದಲ್ಲಿ ಮೊದಲ ಬಾರಿಗೆ ಎದೆ ತಣ್ಣಗಾಗುವುದು.

ಹೆಡ್‌ಮಾಸ್ಟರ ಸೈಕಲ್ಲಿಗೂ ಹೀಗೆಯೇ ಆಗಿತ್ತು. ಗಾಳಿ ಬಿಟ್ಟದ್ದು ಇಬ್ಬರೂ ಸೇರಿ, ಮುಂದಿನ ಚಕ್ರದ್ದು ಲಂಬು, ಹಿಂದಿನದ್ದು ಇವನು. ಬಿಟ್ಟು ಓಡಿ ಗೋಡೆ ಹಾರಿಯೂ ಆಗಿತ್ತು. ಆದರೆ ಆ ಮುದುಕ ಸೈಕಲ್ಲನ್ನು ತಳ್ಳಿಕೊಂಡು ಬಿಸಿಲಲ್ಲಿ ಹೋಗುವುದು ಕಣ್ಣಿಗೆ ಕಟ್ಟಿ, ಇವನು ಎಲ್ಲಿಂದಲೋ ಪಂಪು ಬೇಡಿ ತಂದು ಹಿಂದಿರುಗಿದ್ದ. ಎರಡನೆಯ ಚಕ್ರಕ್ಕೆ ತುಂಬಿಸುತ್ತಿದ್ದಾಗ ಕಿವಿಗೆ ಕೈ ಬಿತ್ತು. ಅವನು ಸಿಕ್ಕಿಬಿದ್ದದ್ದು ಬಿಟ್ಟದ್ದಕ್ಕಲ್ಲ, ತುಂಬಿಸಿದ್ದಕ್ಕೆ. ತರಗತಿಯ ಮುಂದೆ ನಿಲ್ಲಿಸಿ ಜತೆಗೆ ಯಾರಿದ್ದರು ಎಂದು ಕೇಳಿದಾಗ ಇವನು ಯಾರೂ ಇಲ್ಲ ಎಂದ. ಲಂಬು ಎರಡನೆಯ ಬೆಂಚಿನಲ್ಲಿ ಕೂತು ಪುಸ್ತಕ ನೋಡುತ್ತಿದ್ದ. ಆಮೇಲೆ ಪಂಪು ಅನ್ನುವ ಹೆಸರಿಟ್ಟವನೂ ಲಂಬುವೇ. ಇವನು ಶಾಲೆ ಬಿಟ್ಟದ್ದು ಅದಕ್ಕೇ ಎಂದೇನೂ ಅಲ್ಲ. ಮರುದಿನ ಹೋಗಲಿಲ್ಲ, ಅದರ ಮರುದಿನವೂ ಹೋಗಲಿಲ್ಲ, ಅಷ್ಟೇ.

"ನೀರು ಏರ್ತಿದೆ, ಗಾಡಿ ಹತ್ತ್ರೀ, ಹತ್ತ್ರೀ," ಎನ್ನುತ್ತ ಮ್ಯಾನೇಜರು ಬಂದಾಗ ಮೆಷಿನ್ನು ಸೀಟಿನ ಅಡಿಗೆ ಹೋಗಿಯಾಗಿತ್ತು. ಬರುವಾಗ ಇದ್ದ ಮರಳಿನ ಪಟ್ಟಿ ಈಗ ಅರ್ಧವಾಗಿತ್ತು. ಬಿಳಿ ಗಾಡಿ ಮುಂದೆ ಹೋಯಿತು. ಜೀಪು ಹೊರಟಿತು. ಹೊರಟ ಕೂಡಲೇ ಇವನಿಗೆ ಸೀಟಿನಲ್ಲಿ ಗೊತ್ತಾಯಿತು, ಇದು ಈಜುತ್ತಿಲ್ಲ, ಉಳುತ್ತಿದೆ. ನಾನು ಏನು ಮಾಡಿದೆ? ಬೆಳಿಗ್ಗೆ ಬಿಡಿಸಿ ಹೇಳಿದ್ದನಲ್ಲ, ಗಟ್ಟಿ ಟೈರು ಕೊರೆಯುತ್ತದೆ ಎಂದು. ಕೇಳಿಸಿಕೊಂಡಿದ್ದೆನಲ್ಲ. ಹಾಗಾದರೆ ಮರೆತೆನೋ, ಮರೆತಂತೆ ಮಾಡಿದೆನೋ? ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಜೀಪು ಮುಗ್ಗರಿಸಿತು. ಲಂಬು ಗಾಬರಿಯಿಂದ ಎಕ್ಸಿಲರೇಟರು ತುಳಿದ. ಚಕ್ರಗಳು ತಮ್ಮ ಗುಂಡಿ ತಾವೇ ತೋಡಿಕೊಂಡು ಅಚ್ಚುಕಟ್ಟಾಗಿ ಕೂತವು.

ಬಿಳಿ ಗಾಡಿ ದೂರದಲ್ಲಿ, ಗಟ್ಟಿ ನೆಲದ ಮೇಲೆ ನಿಂತಿತು. ಮ್ಯಾನೇಜರು ಇಳಿದು ಸೊಂಟದ ಮೇಲೆ ಕೈಯಿಟ್ಟು, "ಹತ್ರ ಬಂದ್ರೆ ನಮ್ದೂ ಹೂತ್ಕೊಳ್ಳುತ್ತೆ ಕಣ್ರೀ," ಎಂದು ಕೂಗಿದರು. ಭಾವಮೈದ ಮೊಬೈಲು ಎತ್ತಿ ಚಿತ್ರ ತೆಗೆದ.

"ಸನಿಕೆ?" ಎಂದ ಇವನು.

"ತಂದಿಲ್ಲ. ನಿನ್ನ ಚೀಲದಲ್ಲಿ ಏನಾದ್ರೂ ಇರುತ್ತೆ ಅಂತ..." ಎಂದು ಲಂಬು ಅಲ್ಲಿಗೇ ನಿಲ್ಲಿಸಿದ.

ಒಬ್ಬೊಬ್ಬರು ಒಂದೊಂದು ಬದಿಗೆ ಕೂತು ಕೈಯಲ್ಲೇ ಮರಳು ತೋಡತೊಡಗಿದರು. ತೋಡಿದಷ್ಟೂ ನೀರು ಬಂದು ಗುಂಡಿ ಮುಚ್ಚಿ ಹೋಗುತ್ತಿತ್ತು. ಒಂದು ಅಲೆ ಹಿಂದಿನ ಚಕ್ರವನ್ನು ಮುಟ್ಟಿತು. ತೋಡಿ ಪ್ರಯೋಜನವಿಲ್ಲವೆಂದು ಇವನಿಗೆ ಗೊತ್ತಿತ್ತು, ಮಾಡಬೇಕಾದ್ದೇನೆಂದೂ ಗೊತ್ತಿತ್ತು. ಮಾಡಿದರೆ ಸದ್ದಾಗುತ್ತದೆ. ಅಲೆಯ ಸದ್ದಿನಲ್ಲಿ ಮುಚ್ಚಿಹೋಗಲಿ ಎಂದು ಕಾದು, ದೊಡ್ಡ ಅಲೆ ಬಂದಾಗ ವಾಲ್ವಿನ ಮುಚ್ಚಳ ತೆಗೆದು ಉಗುರಿನಿಂದ ಒತ್ತಿದ. ಅಲೆ ಹಿಂದೆ ಹೋಯಿತು. ಗಾಳಿ ಹೋಗುತ್ತಲೇ ಇತ್ತು, ಸುಸ್ಸ್ ಎಂದು, ಜೀಪಿನ ಅಡಿಯಿಂದ ಆ ಬದಿಗೆ ಕೇಳುವಷ್ಟು.

ಆ ಬದಿಯ ಕೈಗಳು ನಿಂತವು.

"ಏನದು?"

"ಗಾಳಿ."

"ನಾನು ಬೆಳಿಗ್ಗೆನೇ ಇಳಿಸಿದ್ನಲ್ಲ."

"ನಾನು ತುಂಬಿಸ್ದೆ."

ಜೀಪಿನ ಅಡಿಯಿಂದ ಲಂಬುವಿನ ಒದ್ದೆಯಾದ ಮೊಣಕಾಲುಗಳು ಮಾತ್ರ ಕಾಣುತ್ತಿದ್ದವು. ಅವು ಅಲ್ಲಾಡಲಿಲ್ಲ.

"ಯಾಕೋ?"

"ಗೊತ್ತಿಲ್ಲ."

ಅದಕ್ಕಿಂತ ನಿಜವಾದ ಮಾತು ಅವನ ಬಳಿ ಇರಲಿಲ್ಲ. ಬೈಯುತ್ತಾನೆಂದು ಕಾದ. ಬೈದರೆ ತಿರುಗಿ ಬೈಯಲು, ಬೆಳಗಿನಿಂದ ಕೂಡಿಟ್ಟದ್ದೆಲ್ಲ ಹಲ್ಲಿನ ಹಿಂದೆ ಸಾಲಾಗಿ ನಿಂತಿತ್ತು. ಗಾಡಿ ಕಾಯೋಕೆ ಕರ್ಕೊಂಡು ಬಂದ್ಯಾ. ಗೆಳೆಯ ಅನ್ನೋಕೆ ನಾಲಗೆ ಹೊರಳ್ಲಿಲ್ವಾ. ಆ ಬದಿಯಿಂದ ಬಂದದ್ದು ಇನ್ನೊಂದು ಸುಸ್ಸ್. ಲಂಬು ತನ್ನ ಬದಿಯ ಮುಂದಿನ ಚಕ್ರದ ವಾಲ್ವು ಒತ್ತುತ್ತಿದ್ದ. ಇಬ್ಬರೂ ಎರಡು ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಗಾಳಿ ಹೋಗುವುದನ್ನು ಕೇಳುತ್ತಿದ್ದರು. ಹೆಡ್‌ಮಾಸ್ಟರ ಸೈಕಲ್ಲು ಅವನಿಗೂ ನೆನಪಾಯಿತೋ ಏನೋ. ಕೇಳುವ ಹಾಗಿರಲಿಲ್ಲ.

"ನೀನು ಹತ್ತು," ಎಂದ ಲಂಬು. "ನಾನು ತಳ್ತೀನಿ."

ಇವನು ಸ್ಟೇರಿಂಗ್ ಹಿಡಿದ. ಕನ್ನಡಿಯಲ್ಲಿ ಲಂಬು ಮೊಣಕಾಲವರೆಗಿನ ನೀರಿನಲ್ಲಿ ನಿಂತು ಜೀಪಿಗೆ ಹೆಗಲು ಕೊಟ್ಟದ್ದು ಕಾಣುತ್ತಿತ್ತು. ಕನ್ನಡಕ ಬಾಯಲ್ಲಿ ಕಚ್ಚಿಕೊಂಡಿದ್ದ. ಜೀಪು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ತೂಗಿ, ಹೆರಿಗೆಯಾದ ಹಾಗೆ ಗುಂಡಿಯಿಂದ ಹೊರಬಂತು.

ಗಟ್ಟಿ ನೆಲಕ್ಕೆ ಬಂದಾಗ ಮ್ಯಾನೇಜರು ಹತ್ತಿರ ಬಂದರು. "ಏನ್ರೀ ಇದು? ಮೆಕ್ಯಾನಿಕ್ಕನ್ನ ಪಕ್ಕದಲ್ಲಿ ಕೂರಿಸ್ಕೊಂಡೂ ಹೂತ್ಕೋತೀರಲ್ಲ."

ಇವನು ಲಂಬುವನ್ನು ನೋಡಿದ. ಲಂಬು ಪ್ಯಾಂಟಿನ ಮರಳು ಕೊಡವುತ್ತಿದ್ದ. ಕೊಡವುವುದನ್ನು ನಿಲ್ಲಿಸದೆಯೇ ಹೇಳಿದ. "ತಪ್ಪು ನಂದು ಸಾರ್, ಗಾಳಿ ಜಾಸ್ತಿ ಇತ್ತು. ಇವನೇನು ಮೆಕ್ಯಾನಿಕ್ಕು ಅಂತ ಬಂದಿದ್ದಲ್ಲ. ನನ್ನ ಗೆಳೆಯ. ಸುಮ್ನೆ ಬಂದಿದ್ದ."

"ಓಹೋ," ಎಂದು ಮ್ಯಾನೇಜರು ನಕ್ಕರು, ಎಲ್ಲವೂ ತಿಳಿದವರ ಹಾಗೆ. "ಹಂಗೆ ಹೇಳಿ ಮತ್ತೆ."

ಬೆಳಗಿನಿಂದ ಕಾದಿದ್ದ ಮಾತು ಬಂದಿತ್ತು. ಎಲ್ಲರೆದುರಿಗೆ, ಕೇಳದೆಯೇ, ತಪ್ಪನ್ನೂ ತಲೆಯ ಮೇಲೆ ಹೊತ್ತುಕೊಂಡು. ಇವನಿಗೆ ಮುಖದ ರಕ್ತವೆಲ್ಲ ಕಿವಿಗೆ ಏರಿತು. ಹಂಗೆ ಹೇಳಿ ಮತ್ತೆ. ಹಾಗಾದರೆ ಇವನಿಗೆ ಏನೂ ಬರದಿದ್ದರೂ ಪರವಾಗಿಲ್ಲ, ಗೆಳೆಯನಂತೆ. ಸಾರ್, ಈ ಜೀಪಿನ ಒಂದೊಂದು ಬೋಲ್ಟೂ ನನ್ನ ಕೈ ದಾಟಿ ಹೋಗಿದೆ ಎಂದು ಕೂಗಬೇಕೆನಿಸಿತು. ಕೂಗಿದರೆ, ಕೊಟ್ಟದ್ದನ್ನು ಮರಳಿಸಿದ ಹಾಗೆ. ಅವನು ಬಾಯಿ ಮುಚ್ಚಿಕೊಂಡು ನಕ್ಕ. ಬಿಳಿ ಗಾಡಿ ಹೊರಟು ಹೋಯಿತು.

ಟಾರು ರಸ್ತೆಯ ಅಂಚಿನಲ್ಲಿ ಲಂಬು ಜೀಪು ನಿಲ್ಲಿಸಿ ಗಾಳಿ ಮೆಷಿನ್ನು ಎಳೆದುಕೊಂಡ. ಇವನು ಇಳಿಯಲು ಹೋದರೆ, "ಕೂತ್ಕೊಳೋ. ನಾನು ಮಾಡ್ತೀನಿ," ಎಂದ. ಆ ದನಿಯಲ್ಲಿ ಕೊಂಕಿರಲಿಲ್ಲ, ಅದೇ ಕಷ್ಟ. ಇವನು ಕೂತ. ಕೈಗಳನ್ನು ತೊಡೆಯ ಅಡಿಗೆ ಸೇರಿಸಿಕೊಂಡ. ಮೆಷಿನ್ನು ಗುರ್ರೆಂದಿತು. ಒಂದಾಯಿತು, ಎರಡಾಯಿತು, ಮೂರಾಯಿತು. ಹಿಂದಿನ ಎಡಚಕ್ರಕ್ಕೆ ಬಂದಾಗ ಮೆಷಿನ್ನಿನ ದನಿ ಏರಬೇಕಾದಷ್ಟು ಏರುವ ಮೊದಲೇ ನಿಂತಿತು. ಲಂಬು ಹೆಬ್ಬೆರಳಿನಿಂದ ಟೈರನ್ನು ಒತ್ತಿ, ಕಿಟಕಿಯ ಬಳಿ ಬಂದು ಕೇಳಿದ.

"ಸಾಕಲ್ವಾ?"

ಸಾಕಾಗಿರಲಿಲ್ಲ. ಇಲ್ಲ ಅಂದರೆ ಇಳಿಯಬೇಕು, ಇಳಿದರೆ ಮತ್ತೆ ಅದೇ ಮೆಕ್ಯಾನಿಕ್ಕು. ಒಣಗಿದ ಉಪ್ಪು ಲಂಬುವಿನ ಹುಬ್ಬಿನ ಮೇಲೆ ಬೆಳ್ಳಗೆ ಕೂತಿತ್ತು. ಶಾಲೆಯ ದಿನಗಳ ಅದೇ ಮುಖ.

"ಸಾಕು," ಎಂದ ಇವನು.

ದಾರಿಯುದ್ದಕ್ಕೂ ಲಂಬು ಮಾತಾಡಿದ. ಮ್ಯಾನೇಜರ ಮೊಣಕಾಲನ್ನು ಅಣಕಿಸಿದ, ಭಾವಮೈದನ ಮೊಬೈಲನ್ನು ಅಣಕಿಸಿದ, ಮುಂದಿನ ಸಲ ನಾವಿಬ್ಬರೇ ಎಂದ. ಇವನು ಹೂಂ ಎಂದ. ಬೆನ್ನಿನ ಹಿಂದೆ ಎಡಚಕ್ರ ಟಾರಿನ ಮೇಲೆ ತಪ್ ತಪ್ ಎಂದು ಒದ್ದೆ ಚಪ್ಪಲಿಯ ಹಾಗೆ ಬಡಿಯುತ್ತಿತ್ತು. ಅದನ್ನು ಬಿಟ್ಟು ಬೇರೇನೂ ಅವನಿಗೆ ಕೇಳಿಸಲಿಲ್ಲ. ಹೀಗೆ ಮೆತ್ತಗೆ ಓಡಿದರೆ ರಬ್ಬರು ಬಿಸಿಯಾಗುತ್ತದೆ. ಬಿಸಿಯಾದರೆ ಪಕ್ಕೆ ಸೀಳುತ್ತದೆ. ಲಂಬುವಿನ ಮನೆ ಊರಿನ ಆ ತುದಿಗೆ, ಲಾರಿಗಳು ಓಡುವ ರಸ್ತೆಯಲ್ಲಿ. ಈಗ ಹೇಳುತ್ತೇನೆ, ಆ ತಿರುವಿನಲ್ಲಿ ಹೇಳುತ್ತೇನೆ ಅಂದುಕೊಂಡ. ತಿರುವುಗಳೆಲ್ಲ ಮುಗಿದು ಇವನ ಮನೆ ಬಂತು.

"ಚೆನ್ನಾಗಿತ್ತು ಕಣೋ," ಎಂದ ಲಂಬು. ಜೀಪು ಹೊರಟಿತು. ಇವನು ಮೆಟ್ಟಿಲ ಮೇಲೆ ನಿಂತು, ಆ ತಪ್ ತಪ್ ಬೀದಿಯ ಕೊನೆಯಲ್ಲಿ ತಿರುಗಿ ದೂರವಾಗುವವರೆಗೂ ಕೇಳಿಸಿಕೊಂಡ.

ಅಕ್ಕ ಬಟ್ಟೆ ಮಡಚುತ್ತಿದ್ದಳು. ಅವನ ಅಂಗಿ ನೋಡಿದಳು, ಮರಳು ತುಂಬಿದ ಕಪ್ಪು ಉಗುರು ನೋಡಿದಳು. "ಕೆಲಸ ಸಿಕ್ತೇನೋ?"

"ಇಲ್ಲ."

"ಮತ್ತೆ ಕೈ ಯಾಕೆ ಹಂಗಿದೆ?"

ಅವನು ಬಾಗಿಲ ಹಿಂದಿನ ಮೊಳೆಯಿಂದ ಚೀಲ ತೆಗೆದು ಹೆಗಲಿಗೇರಿಸಿದ. ಒಳಗೆ ಕೈಹಾಕಿ ಟೈರಿನ ಗಾಳಿ ಅಳೆಯುವ ಗೇಜು ಇದೆಯೇ ಎಂದು ಮುಟ್ಟಿ ನೋಡಿದ. ಇತ್ತು.

"ಈಗ ಬಂದು ಈಗ ಎಲ್ಲಿಗೋ? ಕೆಲಸಕ್ಕಾ?"

ಒಂದು ಚಪ್ಪಲಿ ಮೆಟ್ಟಿಯಾಗಿತ್ತು. ಇನ್ನೊಂದನ್ನು ಕಾಲಿನಿಂದ ತಡಕಾಡುತ್ತ, ಜೀಪು ತಿರುಗಿ ಹೋದ ಬೀದಿಯ ಕೊನೆಯನ್ನೇ ನೋಡುತ್ತ, ಅವನು ಚೀಲವನ್ನು ಬಲಹೆಗಲಿನಿಂದ ಎಡಹೆಗಲಿಗೆ ಬದಲಿಸಿಕೊಂಡ.